ಸೂಜಿಗೆ ದಾರಿ ಇರಬೇಕು: ಕಸೂತಿ ಕೆಲಸದಲ್ಲಿ ಕಲಿತದ್ದು

ಧಾರವಾಡದಲ್ಲಿ ಕಸೂತಿ ಹಾಕಿಸಿದ ಸ್ಟೋಲ್, ದುಪಟ್ಟಾ, ಕೈಚೀಲ, ಪರ್ಸುಗಳನ್ನು ಮಾಡಿ ಮಾರುವುದು ನನ್ನ ಕೆಲಸ. ವಿನ್ಯಾಸ ನನ್ನದು. ಹೊಲಿಯುವುದು ಒಬ್ಬ ಟೇಲರ್. ಕಸೂತಿ ಹಾಕುವುದು ತಮ್ಮ ತಮ್ಮ ಮನೆಯಲ್ಲೇ ಕೂತು ಕೆಲಸ ಮಾಡುವ ಏಳೆಂಟು ಹೆಣ್ಣುಮಕ್ಕಳು. ಫ್ಯಾಷನ್ ಕೋರ್ಸ್ ಮುಗಿಸಿ ಸ್ವಂತ ಲೇಬಲ್ ಶುರು ಮಾಡಬೇಕು ಅನ್ನುವ ಹುಡುಗ ಹುಡುಗಿಯರು ಆಗಾಗ ಮಾತಾಡಲು ಬರುತ್ತಾರೆ. ಬಟ್ಟೆ ಎಲ್ಲಿ ಸಿಗುತ್ತೆ, ಇನ್‌ಸ್ಟಾಗ್ರಾಮ್‌ನಲ್ಲಿ ಹೇಗೆ ಮಾರಬೇಕು ಅಂತ ಕೇಳುತ್ತಾರೆ. ಅದನ್ನೂ ಹೇಳುತ್ತೇನೆ. ಆದರೆ ಮೊದಲು ಹೇಳುವುದು ಇದನ್ನ: ಕೈಕೆಲಸ ಎಲ್ಲಿ ಬೇಕು, ಎಲ್ಲಿ ಬೇಡ ಅಂತ ತೀರ್ಮಾನ ಮಾಡಿ. ನಮ್ಮಂಥ ಸಣ್ಣ ಡಿಸೈನರ್‌ಗಳ ಅಸಲಿ ಕೆಲಸ ಅಲ್ಲೇ ಇದೆ. ಬಣ್ಣ, ಆಕಾರ ಎಲ್ಲ ಆಮೇಲೆ.

ಕಸೂತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಇದರಲ್ಲಿ ಟ್ರೇಸಿಂಗ್ ಇಲ್ಲ, ಬಟ್ಟೆ ಮೇಲೆ ಪೆನ್ಸಿಲ್ ಗೆರೆ ಇಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕುವುದು. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ ಹಾಕುತ್ತಾ ಮುಂದೆ ಹೋಗುತ್ತದೆ. ಆಗ ಚಿತ್ರ ಅರ್ಧವೇ ಕಾಣುತ್ತದೆ, ಗೆರೆಯೆಲ್ಲ ತುಂಡು ತುಂಡು. ಕೊನೆ ಮುಟ್ಟಿ ಅದೇ ಗೆರೆ ಹಿಡಿದು ವಾಪಸ್ ಬರುವಾಗ ಖಾಲಿ ಬಿಟ್ಟ ಜಾಗ ಒಂದೊಂದೇ ತುಂಬುತ್ತದೆ. ಎಲ್ಲೂ ಗಂಟು ಹಾಕುವುದಿಲ್ಲ. ದಾರದ ತುದಿಯನ್ನು ಹೊಲಿಗೆಯ ಒಳಗೇ ಮರೆಸುತ್ತಾರೆ. ಮುಗಿದ ಮೇಲೆ ಬಟ್ಟೆ ತಿರುಗಿಸಿ ನೋಡಿದರೆ ಹಿಂದೂ ಮುಂದೂ ಒಂದೇ. ಮುರ್ಗಿಯೂ ಹೀಗೇ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ನೇಯ್ದ ಹಾಗೆ ಕಾಣುವ ಉದ್ದ ಹೊಲಿಗೆ. ಮೆಂತಿ ಅಡ್ಡ ಉದ್ದ ದಾಟುವ ಹೊಲಿಗೆ, ಜಾಗ ತುಂಬಲು ಬಳಸುತ್ತಾರೆ. ಈ ಎರಡರಲ್ಲಿ ಹಿಂಬದಿ ಮುಂಬದಿಯಂತೆ ಇರುವುದಿಲ್ಲ.

ಒಮ್ಮೆ ಒಂದು ಬೊಟೀಕ್‌ನವರು ಕಂಪ್ಯೂಟರ್‌ನಲ್ಲಿ ಬರೆಸಿದ ವಿನ್ಯಾಸ ಕಳಿಸಿದರು. ಒಂದು ಗೋಪುರ, ಅದರ ಹೊಟ್ಟೆಯೊಳಗೆ ಬಿಡಿ ಬಿಡಿ ಚೌಕ, ಸುತ್ತಲೂ ಚೆಲ್ಲಿದ ಹಾಗೆ ನಕ್ಷತ್ರ. ನೋಡಲು ಚೆನ್ನಾಗಿಯೇ ಇತ್ತು. ಸ್ಟೋಲ್‌ನ ಎರಡೂ ತುದಿಗೆ ಬೇಕು, ಎರಡೂ ಬದಿ ಒಂದೇ ಥರ ಕಾಣಬೇಕು ಅಂದರು. ನಮ್ಮ ಗುಂಪಿನ ಹಿರಿಯ ಅಕ್ಕ ಆ ಕಾಗದವನ್ನು ತೊಡೆ ಮೇಲೆ ಹರಡಿ ಗೆರೆಗಳ ಮೇಲೆ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. “ಸೂಜಿ ಇಲ್ಲೀತನಕಾ ಬರತೈತ್ರಿ. ಮುಂದ ದಾರಿನ ಇಲ್ಲ. ಹಾರಬೇಕಾಕ್ಕತಿ” ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಬಿಡಿ ಚೌಕಕ್ಕೆ ಸೂಜಿ ಹೋಗಬೇಕಾದರೆ ಒಂದೋ ದಾರವನ್ನು ಹಿಂದಿನಿಂದ ಎಳೆದು ದಾಟಿಸಬೇಕು, ಇಲ್ಲ ಪ್ರತಿ ಚೌಕಕ್ಕೂ ದಾರ ಕತ್ತರಿಸಿ ಹೊಸದಾಗಿ ಶುರು ಮಾಡಬೇಕು. ದಾಟಿಸಿದರೆ ಹಿಂಬದಿ ಕೆಡುತ್ತದೆ, ಕತ್ತರಿಸಿದರೆ ಹೊತ್ತು ಜಾಸ್ತಿ ಆಗುತ್ತದೆ. ಅಕ್ಕ ಅದಕ್ಕೆ ಉಪಾಯವನ್ನೂ ತೋರಿಸಿದರು. ಚೌಕ ಚೌಕದ ನಡುವೆ ಒಂದೇ ಹೊಲಿಗೆಯ ಸೇತುವೆ. ನಕ್ಷತ್ರಗಳನ್ನು ಒಂದು ಸಣ್ಣ ಬಳ್ಳಿಯಿಂದ ಗೋಪುರದ ಬುಡಕ್ಕೆ ಕಟ್ಟಿದರು. ನಾನು ಅದನ್ನು ಗ್ರಾಫ್ ಕಾಗದದ ಮೇಲೆ ಇಳಿಸಿದೆ. ಬೊಟೀಕ್‌ನವರು ಮೊದಲು ಒಪ್ಪಲಿಲ್ಲ. ಸ್ಯಾಂಪಲ್ ಹಾಕಿಸಿ ಎರಡೂ ಬದಿ ತಿರುಗಿಸಿ ತೋರಿಸಿದ ಮೇಲೆ ಒಪ್ಪಿದರು. ನನ್ನನ್ನು ಕೇಳಿದರೆ, ಬಳ್ಳಿ ಬಂದ ಮೇಲೆಯೇ ಆ ವಿನ್ಯಾಸಕ್ಕೆ ಕಳೆ ಬಂತು.

ಅದಾದ ಮೇಲೆ ಹಳೆಯ ಇಳಕಲ್ ಸೀರೆಯ ಕಸೂತಿ ಸಿಕ್ಕಾಗಲೆಲ್ಲ ನಾನು ಈ ದಾರಿಯನ್ನೇ ಹುಡುಕುತ್ತೇನೆ. ತೇರು, ತುಳಸಿ ಕಟ್ಟೆ, ತೊಟ್ಟಿಲು, ಆನೆ, ನವಿಲು. ಗವಂತಿಯಲ್ಲಿ ಹಾಕಿದ ಚಿತ್ರದ ಗೆರೆಗಳು ಒಂದಕ್ಕೊಂದು ಕೈ ಹಿಡಿದೇ ನಿಂತಿರುತ್ತವೆ. ತೇರಿನ ತುದಿಯ ಬಾವುಟಕ್ಕೂ ಹೋಗಿ ಬರುವ ದಾರಿ ಇರುತ್ತದೆ. ಹೆಸರಿಲ್ಲದ ಎಷ್ಟೋ ಹೆಂಗಸರು ಕೂತು ಬಿಡಿಸಿದ ಲೆಕ್ಕ ಅದು. ಹೊಸ ವಿನ್ಯಾಸ ಬರೆಯುವವರು ಆ ಲೆಕ್ಕವನ್ನು ಕಲಿಯಲೇಬೇಕು ಅಂತ ನನಗೆ ತುಂಬಾ ಅನ್ನಿಸುತ್ತದೆ. ಕಸೂತಿ ಹಾಕುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದರೆ ಅರ್ಧ ಕೆಲಸ ಆದ ಹಾಗೆ.

ಇನ್ನು ಬಟ್ಟೆ. ಎಳೆ ಕಣ್ಣಿಗೆ ಕಾಣುವ ಕೈಮಗ್ಗದ ಹತ್ತಿ ಬಟ್ಟೆ ಇದ್ದರೆ ಕೆಲಸ ಸಲೀಸು. ದಟ್ಟವಾಗಿ ನೇಯ್ದ ರೇಷ್ಮೆಯಲ್ಲಿ ಎಳೆ ಎಣಿಸಲು ಆಗುವುದಿಲ್ಲ. ಆಗ ಮೇಲೊಂದು ಜಾಳು ಬಟ್ಟೆಯನ್ನು ಟಾಕಾ ಹಾಕಿ ಕೂರಿಸಿ, ಅದರ ಮನೆ, ಅಂದರೆ ಎಳೆಗಳ ನಡುವಿನ ಚೌಕ ಎಣಿಸಿ ಕಸೂತಿ ಹಾಕಿ, ಕೊನೆಗೆ ಆ ಜಾಳು ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಬೇಕು. ಆ ಎಳೆ ತೆಗೆಯುವ ಹೊತ್ತನ್ನೂ ಬೆಲೆಯಲ್ಲಿ ಸೇರಿಸಬೇಕು, ಅದನ್ನು ಬಹಳ ಜನ ಸೇರಿಸುವುದಿಲ್ಲ.

ಬಟ್ಟೆ ಬದಲಾದರೆ ಚಿತ್ರದ ಅಳತೆಯೂ ಬದಲಾಗುತ್ತದೆ. ಗ್ರಾಫ್‌ನಲ್ಲಿ 60 ಮನೆ ಅಗಲದ ತೇರು ಅಂದುಕೊಳ್ಳಿ. ಒಂದು ಮನೆಗೆ 4 ಎಳೆ ಹಿಡಿದರೆ ಒಟ್ಟು 240 ಎಳೆ. ಇಂಚಿಗೆ 60 ಎಳೆ ಇರುವ ಬಟ್ಟೆಯಲ್ಲಿ ಅದು 4 ಇಂಚು, 80 ಎಳೆ ಇರುವುದರಲ್ಲಿ 3 ಇಂಚು. ಹಾಸು ಮತ್ತು ಹೊಕ್ಕಿನ, ಅಂದರೆ ಉದ್ದ ಮತ್ತು ಅಡ್ಡ ಎಳೆಗಳ ಎಣಿಕೆ ಬೇರೆ ಬೇರೆ ಇದ್ದರಂತೂ ತೇರು ಕುಳ್ಳಾಗುತ್ತದೆ ಇಲ್ಲವೇ ಸೊರಗುತ್ತದೆ. ಹಾಗಾಗಿ ಬಟ್ಟೆ ಕೈಗೆ ಬರುವ ತನಕ ನಾನು ಯಾವ ವಿನ್ಯಾಸವನ್ನೂ ಅಂತಿಮ ಮಾಡುವುದಿಲ್ಲ.

ಈಗ ಕೈಕೆಲಸ ಎಲ್ಲಿ ಹಾಕಬೇಕು ಅನ್ನುವ ಮಾತಿಗೆ ಬರುತ್ತೇನೆ. ಗವಂತಿಯ ಬೆಲೆ ಇರುವುದು ಅದರ ಎರಡೂ ಬದಿಯಲ್ಲಿ. ಸ್ಟೋಲ್ ಗಾಳಿಗೆ ತಿರುಗುತ್ತದೆ, ಭುಜದ ಮೇಲೆ ಮಗುಚುತ್ತದೆ, ಹಿಂಬದಿ ಎಲ್ಲರಿಗೂ ಕಾಣುತ್ತದೆ. ಅಲ್ಲಿ ಗವಂತಿ, ಮುರ್ಗಿ ಬೇಕೇ ಬೇಕು. ಕೈಚೀಲಕ್ಕೆ ಒಳಗೆ ಲೈನಿಂಗ್ ಬರುತ್ತದೆ. ಹಿಂಬದಿಯ ಅಂದವೆಲ್ಲ ಲೈನಿಂಗ್ ಅಡಿಯಲ್ಲಿ ಮುಚ್ಚಿಹೋದರೆ ಯಾರಿಗೆ ಏನು ಸಿಕ್ಕಿತು? ಚೀಲಕ್ಕೆ ನಾನು ಮೆಂತಿ ಹಾಕಿಸುತ್ತೇನೆ, ಅದೂ ಮೇಲಿನ ಮುಚ್ಚಳದ ಮೇಲೆ, ಅಂಗೈ ಅಗಲದಷ್ಟೇ. ಮೈಗೆ ಉಜ್ಜುವ ಬದಿಗೆ, ತಳಕ್ಕೆ ಹಾಕಿಸುವುದಿಲ್ಲ, ಸವೆದು ಹೋಗುತ್ತದೆ. ನೇಗಿಯ ಉದ್ದ ದಾರ ಬಳೆಗೆ, ಉಂಗುರಕ್ಕೆ ಸಿಕ್ಕಿ ಎದ್ದು ಬರುತ್ತದೆ. ಹಾಗಾಗಿ ಚೀಲಕ್ಕೆ ಅದೂ ಬೇಡ.

ಗುಳೇದಗುಡ್ಡದ ಖಣದಲ್ಲಿ, ಅಂದರೆ ಅಲ್ಲಿ ನೇಯುವ ರವಿಕೆ ಬಟ್ಟೆಯಲ್ಲಿ, ಚೀಲ ಮಾಡುವಾಗ ಕಸೂತಿಯನ್ನೇ ಬಿಡುತ್ತೇನೆ. ಖಣದ ನೇಯ್ಗೆಯಲ್ಲೇ ತುಂಬಿದ ಚಿತ್ರ ಇದೆ, ಮಿಂಚಿದೆ. ಅದರ ಮೇಲೆ ಕಸೂತಿ ಕೂರಿಸಿದರೆ ಎರಡೂ ಕಾಣುವುದಿಲ್ಲ. ಅಲ್ಲಿ ಡಿಸೈನರ್ ನೋಡಬೇಕಾದದ್ದು ಕಟಿಂಗ್. ತೇರಿನ ಚಿತ್ರ ಇರುವ ಖಣವನ್ನು ಒಂದೇ ತುಂಡಾಗಿ ಕತ್ತರಿಸಿ ತಳದಲ್ಲಿ ಮಡಚಿದರೆ, ಚೀಲದ ಹಿಂಬದಿಯಲ್ಲಿ ತೇರು ತಲೆಕೆಳಗಾಗುತ್ತದೆ. ಎರಡು ತುಂಡು ಮಾಡಿ ತಳದಲ್ಲಿ ಹೊಲಿಗೆ ಕೊಡಬೇಕು. ಬಟ್ಟೆ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಖಣದ ಅಗಲ ಬೇರೆ ಕಮ್ಮಿ. ಪರವಾಗಿಲ್ಲ. ತಲೆಕೆಳಗಾದ ತೇರನ್ನು ನಮ್ಮ ಕಡೆಯವರು ಕೈಯಲ್ಲಿ ಹಿಡಿಯುವುದಿಲ್ಲ.

ಬೆಲೆಯ ವಿಷಯ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಕಷ್ಟಪಡುವುದು ಇಲ್ಲೇ. ಸುಮ್ನೆ ಲೆಕ್ಕಕ್ಕೆ ಅಂತ ಒಂದು ಸ್ಟೋಲ್ ತೆಗೆದುಕೊಳ್ಳಿ. ಕಸೂತಿ 12 ಗಂಟೆ, ಗಂಟೆಗೆ 100 ರೂಪಾಯಿ ಅಂದರೆ 1,200. ಬಟ್ಟೆ 350, ಅಂಚು ಹೊಲಿಗೆ 150, ಪ್ಯಾಕಿಂಗ್ 50. ಅಲ್ಲಿಗೆ 1,750 ಆಯಿತು. ಫೋಟೋ, ಬಾಡಿಗೆ, ಮಾರಾಟವಾಗದೆ ಉಳಿಯುವ ಮಾಲು, ನಿಮ್ಮ ದುಡಿಮೆ, ಇದಕ್ಕೆಲ್ಲ 450 ಇಟ್ಟರೆ 2,200. ಅಂಗಡಿಯವರು ಮಾರಾಟದ ಬೆಲೆಯಲ್ಲಿ ಶೇಕಡಾ 35 ಹಿಡಿದರೆ ಸ್ಟೋಲ್‌ನ ಬೆಲೆ ಹತ್ತಿರ ಹತ್ತಿರ 3,400 ಆಗಬೇಕು. ಅಷ್ಟು ಹಾಕಲು ಹೊಸಬರಿಗೆ ಕೈ ಬರುವುದಿಲ್ಲ. ಸಂತೆಯಲ್ಲಿ ಪಕ್ಕದ ಮಳಿಗೆಯಲ್ಲಿ ಮೆಷಿನ್ ಕಸೂತಿ ಕಮ್ಮಿ ಬೆಲೆಗೆ ಹೋಗುತ್ತಿರುತ್ತದೆ. ಆಗ ಮೊದಲು ಕತ್ತರಿ ಬೀಳುವುದು ಕಸೂತಿ ಹಾಕುವವರ ಕೂಲಿಗೆ.

ಬೆಲೆ ಇಳಿಸಲೇಬೇಕು ಅಂದರೆ ಕೂಲಿ ಮುಟ್ಟಬೇಡಿ, ಕಸೂತಿಯ ಜಾಗ ಇಳಿಸಿ. 12 ಗಂಟೆಯ ಕೆಲಸವನ್ನು 4 ಗಂಟೆಗೆ ತನ್ನಿ. ಎರಡೂ ತುದಿ ತುಂಬಿಸುವ ಬದಲು ಒಂದೇ ಮೂಲೆಯಲ್ಲಿ ಒಂದೇ ಒಂದು ತೇರು, ಅಚ್ಚುಕಟ್ಟಾಗಿ. ಅದೇ ಲೆಕ್ಕ ಹಾಕಿದರೆ ಅಂಗಡಿ ಬೆಲೆ 2,200ರ ಆಸುಪಾಸಿಗೆ ಬರುತ್ತದೆ, ಗಂಟೆಯ ಕೂಲಿ ಹಾಗೇ ಇರುತ್ತದೆ. ನನ್ನಲ್ಲಿ ಬೇಗ ಖಾಲಿಯಾಗುವುದೂ ಇಂಥ ಸ್ಟೋಲ್‌ಗಳೇ. ಸುತ್ತ ಖಾಲಿ ಬಟ್ಟೆ ಇದ್ದಾಗ ಕಣ್ಣು ನೇರ ತೇರಿನ ಮೇಲೇ ಹೋಗುತ್ತದೆ.

ಕೂಲಿಯ ಬಗ್ಗೆ ನನ್ನದು ಎರಡು ನಿಯಮ. ಹೊಸ ವಿನ್ಯಾಸಕ್ಕೆ ಮೊದಲು ಒಂದು ಸ್ಯಾಂಪಲ್, ಹಾಕಿದವರೇ ಎಷ್ಟು ಹೊತ್ತು ಹಿಡಿಯಿತು ಅಂತ ಹೇಳುತ್ತಾರೆ, ಅದರ ಮೇಲೆ ದರ. ಮತ್ತೆ, ಕೆಲಸ ಕೈಗೆ ಬಂದ ದಿನವೇ ದುಡ್ಡು. ಮಾಲು ಮಾರಾಟವಾಗುವುದು ಬಿಡುವುದು ನನ್ನ ತಲೆನೋವು, ಅವರದಲ್ಲ. ಒಂದು ಅಂಗಡಿಯವರು ನಮ್ಮ ಸ್ಟೋಲ್‌ಗಳನ್ನು ಮಾರಿದ ಮೇಲೆ ದುಡ್ಡು ಕೊಡುತ್ತೇವೆ ಅಂತ ಇಟ್ಟುಕೊಂಡು, ತಿಂಗಳುಗಟ್ಟಲೆ ಕಿಟಕಿಯಲ್ಲಿ ನೇತುಹಾಕಿ, ಬಿಸಿಲಿಗೆ ಬಣ್ಣ ಹೋದ ಮೇಲೆ ವಾಪಸ್ ಕಳಿಸಿದರು. ನಷ್ಟ ಆಯಿತು. ಆದರೆ ಹಾಕಿದವರಿಗೆ ಆಗಲೇ ದುಡ್ಡು ಸೇರಿತ್ತು. ಆಮೇಲಿನಿಂದ ಅಂಗಡಿಗೆ ಕೊಡುವುದು ನಾಲ್ಕೈದು ಪೀಸ್ ಮಾತ್ರ.

ಕಪ್ಪು ಬಟ್ಟೆಗೆ ದರ ಬೇರೆ. ಚಂದ್ರಕಾಳಿ ಸೀರೆಯ ಕಪ್ಪು ಎಲ್ಲರಿಗೂ ಇಷ್ಟ, ಕೆಂಪು ಬಿಳಿ ದಾರ ಅದರ ಮೇಲೆ ಎಷ್ಟು ಚಂದ ಅಲ್ವಾ? ಆದರೆ ಕಪ್ಪಿನಲ್ಲಿ ಎಳೆ ಎಣಿಸುವುದು ಕಣ್ಣಿಗೆ ಹಿಂಸೆ. ಹಗಲು ಬೆಳಕಿನಲ್ಲಿ ಮಾತ್ರ ಆಗುತ್ತದೆ. ಧಾರವಾಡದ ಮಳೆಗಾಲದಲ್ಲಿ ದಿನವಿಡೀ ಮೋಡ ಮುಚ್ಚಿರುತ್ತದೆ, ಆಗ ಕಪ್ಪು ಬಟ್ಟೆಯ ಕೆಲಸವನ್ನೇ ಕೊಡುವುದಿಲ್ಲ.

ಮೆಷಿನ್ ಕಸೂತಿಯ ಬಗ್ಗೆ ಗ್ರಾಹಕರು ಕೇಳಿದಾಗ ನಾನು ಭಾಷಣ ಮಾಡುವುದಿಲ್ಲ, ತಿರುಗಿಸಿ ನೋಡಿ ಅನ್ನುತ್ತೇನೆ. ಮೆಷಿನ್‌ನಲ್ಲಿ ಕೆಳಗಿನ ಬಾಬಿನ್ ದಾರ ಹಿಂಬದಿಗೆ ಬರುತ್ತದೆ, ಹೆಚ್ಚಾಗಿ ಬಿಳಿ. ಗವಂತಿಯಲ್ಲಿ ಅದೇ ಬಣ್ಣ, ಅದೇ ಗೆರೆ. ಕಸೂತಿಗೆ 2006ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಅದು ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮದ ಹೆಸರಿನಲ್ಲಿದೆ. ಒಳ್ಳೆಯದೇ ಆಯಿತು. ಆದರೆ ಸಂತೆಯಲ್ಲಿ ನಿಂತ ಗ್ರಾಹಕರಿಗೆ ಯಾವ ಮುದ್ರೆಗಿಂತಲೂ ಹಿಂಬದಿಯೇ ಬೇಗ ಅರ್ಥವಾಗುತ್ತದೆ. ಅದಕ್ಕೇ ನಮ್ಮ ಪ್ರತಿ ಸ್ಟೋಲ್‌ಗೂ ಎರಡು ಫೋಟೋ, ಹಿಂದೊಂದು ಮುಂದೊಂದು. ಬೆಲೆ ಚೀಟಿಯಲ್ಲಿ ಎಷ್ಟು ಗಂಟೆಯ ಕೆಲಸ ಅಂತ ಬರೆಯುತ್ತೇವೆ. ಹಾಕಿದವರ ಹೆಸರನ್ನು ಅವರು ಬೇಕು ಅಂದರೆ ಹಾಕುತ್ತೇವೆ. ಇಬ್ಬರು ಬೇಡ ಅಂದಿದ್ದಾರೆ, ಅದು ಅವರ ಇಷ್ಟ.

ಆರ್ಡರ್ ಕೊಡುವವರಿಗೂ ಒಂದು ಮಾತು. ನಾಗರ ಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ. ಆ ದಿನಗಳಲ್ಲಿ ಸೂಜಿ ಹಿಡಿಯುವುದಿಲ್ಲ, ಹಿಡಿಯಿರಿ ಅಂತ ನಾನು ಕೇಳುವುದೂ ಇಲ್ಲ. ಶ್ರಾವಣದ ನಂತರ ಗಣಪತಿ, ಮಹಾನವಮಿ ಅಂತ ಮನೆಕೆಲಸವೇ ಮುಗಿಯುವುದಿಲ್ಲ. ಹಾಗಾಗಿ ದೀಪಾವಳಿಗೆ ಸ್ಟೋಲ್ ಬೇಕಾದವರು ಪಂಚಮಿಗೆ ಮೊದಲೇ ಹೇಳಿ. ಕಪ್ಪು ಬೇಕಾದವರು ಮಳೆಗಾಲ ಶುರುವಾಗುವುದಕ್ಕೂ ಮುಂಚೆ.