ಸೇದ್ತಿದ್ದಾಗ್ಲೇ ವಾಸಿಯಾಗಿದ್ದ

"ಬೀಡಿ ಬುಟ್ಟು ಎಂಟ್ ದಿನ ಆಯ್ತು ಸಾ, ನಿಂತ್ಕಂಡೇ ತೂಕಡಿಸ್ತನೆ. ಸೇದ್ತಿದ್ದಾಗ್ಲೇ ವಾಸಿಯಾಗಿದ್ದ."

ಮೊನ್ನೆ ಬುಧವಾರ ಬೆಳಗಿನ ಜಾವ, ಪಾಂಡವಪುರ ಕಡೆಯ ಒಂದು ಆಲೆಮನೆಯಲ್ಲಿ ಮಾಲೀಕ ಆಡಿದ ಮಾತು. ಉರಿ ಹಾಕುವ ಆಳು ಒಲೆ ತುಂಬ ರಚ್ಚು, ಅಂದರೆ ರಸ ಹಿಂಡಿದ ಕಬ್ಬಿನ ಸಿಪ್ಪೆ, ತುರುಕಿ ಕಣ್ಣು ಮುಚ್ಚಿದ್ದ. ಪಾಕ ಬಂತು, ಉರಿ ತಗ್ಗಿಸು ಎಂದು ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಕೊಪ್ಪರಿಗೆ ತಳ ಹತ್ತಿ ಅಷ್ಟೂ ಬೆಲ್ಲ ಕಪ್ಪಾಯಿತು. ಐವತ್ತರ ಆಸುಪಾಸಿನ ಮನುಷ್ಯ, ತಲೆ ತಗ್ಗಿಸಿ ನಿಂತಿದ್ದ. ಬಲಗೈ ಮಾತ್ರ ಆಗಾಗ ಕಿವಿಯ ಮೇಲಕ್ಕೆ ಹೋಗಿ, ಏನೂ ಸಿಗದೆ ಕೆಳಗಿಳಿಯುತ್ತಿತ್ತು. ಬೀಡಿ ಸಿಕ್ಕಿಸುತ್ತಿದ್ದ ಜಾಗ ಅದು.

ಸೇದ್ತಿದ್ದಾಗ್ಲೇ ವಾಸಿ. ಮಾಲೀಕ ಕೆಟ್ಟವನಲ್ಲ, ಕೂಲಿ ಬಾಕಿ ಇಡುವವನೂ ಅಲ್ಲ. ಆದರೆ ತಂಬಾಕು ಬಿಡಲು ಹೊರಟ ಎಷ್ಟೋ ಜನರನ್ನು ಮತ್ತೆ ಪೆಟ್ಟಿಗೆ ಅಂಗಡಿ ಮುಂದೆ ನಿಲ್ಲಿಸುವುದು ಇದೇ ಮಾತು. ಹೆಂಡತಿಯೂ ಅನ್ನುತ್ತಾಳೆ, ಜೊತೆಗಾರರೂ ಅನ್ನುತ್ತಾರೆ. ಕೆಮ್ಮು ಕಮ್ಮಿಯಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ತೂಕಡಿಕೆ ಮಾತ್ರ ಎಲ್ಲರಿಗೂ ಕಾಣುತ್ತದೆ.

ಆ ತೂಕಡಿಕೆ ಸೋಮಾರಿತನವಲ್ಲ. ನಿಕೋಟಿನ್ ಒಳಗೆ ಹೋದೊಡನೆ ಅಡ್ರಿನಾಲಿನ್ ಏರುತ್ತದೆ, ನಾಡಿ ಜೋರಾಗುತ್ತದೆ, ಮೆದುಳು ಎಚ್ಚರಗೊಳ್ಳುತ್ತದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. 6 ಗಂಟೆಯಲ್ಲಿ ಉಳಿಯುವುದು ಎಂಟರಲ್ಲಿ ಒಂದು ಪಾಲು. ಅದಕ್ಕೇ ಗಂಟೆಗೊಂದು ಬೀಡಿ. ವರ್ಷಗಟ್ಟಲೆ ಹೀಗೆ ನಡೆದರೆ ಮೆದುಳು ನಿಕೋಟಿನ್ ಹಿಡಿಯುವ ಗ್ರಾಹಕಗಳನ್ನು ಹೆಚ್ಚಿಸಿಕೊಂಡುಬಿಟ್ಟಿರುತ್ತದೆ. ಬಿಟ್ಟ ಮೇಲೆ ಅವೆಲ್ಲ ಬಾಯಿ ತೆರೆದು ಕೂತಿರುತ್ತವೆ. ಎರಡನೆಯ, ಮೂರನೆಯ ದಿನ ಸಂಕಟದ ತುದಿ. ಪೂರಾ ಇಳಿಯಲು 2ರಿಂದ 4 ವಾರ. ಎಂಟನೆಯ ದಿನ ಇನ್ನೂ ನಡುದಾರಿ.

ರಾತ್ರಿಯದು ಬೇರೆಯೇ ಪಾಡು. ನಿಕೋಟಿನ್ ಕನಸಿನ ನಿದ್ದೆಯನ್ನು ಒತ್ತಿಟ್ಟಿರುತ್ತದೆ. ಅದು ಹಿಂದೆ ಸರಿದ ಕೂಡಲೇ ಕನಸುಗಳು ಬಾಕಿ ವಸೂಲಿಗೆ ಬಂದಂತೆ ಬರುತ್ತವೆ, ಅದೂ ನಿಚ್ಚಳವಾಗಿ. ಕನಸಲ್ಲೇ ಬೀಡಿ ಹಚ್ಚಿ, ಅಯ್ಯೋ ತಪ್ಪು ಮಾಡಿಬಿಟ್ಟೆ ಎಂದು ಬೆವೆತು ಏಳುವವರು ಬಹಳ ಮಂದಿ. ನಡುನಡುವೆ ಎಚ್ಚರ, ಹಗಲೆಲ್ಲ ಜೋಂಪು.

ಪಾಕ ನೋಡುವವನು ಕೊಟ್ಟ ಲೆಕ್ಕದ ಪ್ರಕಾರ ಆತ ಬೀಡಿ ಪೂರ್ತಿ ಬಿಟ್ಟೂ ಇರಲಿಲ್ಲ, ದಿನಕ್ಕೆ ಎರಡು ಕಟ್ಟಿನಿಂದ ಆರು ಬೀಡಿಗೆ ಇಳಿಸಿದ್ದ. ಯಾವ ಆರು? ಊಟವಾದ ಮೇಲಿನವು, ಎದ್ದ ಕೂಡಲೇ ಸೇದುವವು. ರಾತ್ರಿಯವನ್ನೆಲ್ಲ ಒಂದೇ ಏಟಿಗೆ ಕಿತ್ತುಹಾಕಿದ್ದ. ಎಡವಟ್ಟಾದದ್ದು ಅಲ್ಲೇ. ಮೂರರಿಂದ ಐದು ಗಂಟೆಯವರೆಗೆ ಬೀಡಿ ಸೇದದವನಿಗೂ ಮೈ ಭಾರವಾಗುವ ಹೊತ್ತು. ಅದೇ ಹೊತ್ತಿನ ನಿಕೋಟಿನ್ ತೆಗೆದರೆ ಎರಡು ಜೋಂಪು ಒಂದರ ಮೇಲೊಂದು ಬೀಳುತ್ತವೆ. ಮೈಸೂರಿನ ಆಫೀಸಿನಲ್ಲಾದರೆ ಮೇಜಿನ ಮೇಲೆ ತಲೆಯಿಟ್ಟವನನ್ನು ನೋಡಿ ನಾಲ್ಕು ಜನ ನಗುತ್ತಿದ್ದರು. ಇಲ್ಲಿ ಒಂದು ಕಡೆ ಕುದಿಯುವ ಪಾಕ, ಇನ್ನೊಂದು ಕಡೆ ತಿರುಗುವ ಗಾಣ. ರಾತ್ರಿ ಪಾಳಿಯವರು ಹಗಲಿನ ಬೀಡಿಯಿಂದ ಇಳಿಸಲು ಶುರುಮಾಡಬೇಕು, ಮೊದಲ ವಾರ ಬೆಂಕಿ, ಯಂತ್ರ, ಸ್ಟಿಯರಿಂಗ್ ಯಾವುದನ್ನೂ ಒಬ್ಬರೇ ಹಿಡಿಯಬಾರದು.

ಇನ್ನೊಂದು ಎಡವಟ್ಟು ಟೀ. ನಿದ್ದೆ ಓಡಿಸಲು ಲೋಟದ ಮೇಲೆ ಲೋಟ. ಹೊಗೆಯಲ್ಲಿರುವ ಟಾರಿನ ಅಂಶಗಳು ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವವನ್ನು ಚುರುಕಾಗಿಸುತ್ತವೆ. ಟೀ ಕಾಫಿಯ ಕೆಫೀನನ್ನು ಕರಗಿಸುವುದು ಅದೇ ಕಿಣ್ವ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಅದು ಮಂದವಾಗಿ, ಮೊದಲಿನಷ್ಟೇ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚುಕಮ್ಮಿ ದುಪ್ಪಟ್ಟಾಗಬಹುದು. ಬಿಡದೆ ಬರೀ ಇಳಿಸಿದವರಿಗೆ ಅಷ್ಟಾಗಲಿಕ್ಕಿಲ್ಲ. ಕೈ ನಡುಗುವುದು, ಎದೆ ಹೊಡೆದುಕೊಳ್ಳುವುದು, ಮಲಗಿದರೆ ನಿದ್ದೆ ಹತ್ತದಿರುವುದು, ಎಲ್ಲವೂ ಬೀಡಿ ಬಿಟ್ಟದ್ದರಿಂದ ಎಂದುಕೊಳ್ಳುತ್ತಾರೆ, ಅರ್ಧ ಪಾಲು ಲೋಟದ್ದಾಗಿರಬಹುದು. ಟೀ ಕಾಫಿಯನ್ನು ಅರ್ಧಕ್ಕಿಳಿಸಿ, ಮಲಗುವ ಮುಂಚಿನ ಆರು ಗಂಟೆ ಮುಟ್ಟದಿದ್ದರೆ ಸಾಕು. ಜಗಿಯುವ ತಂಬಾಕಿಗೆ ಈ ಲೆಕ್ಕವಿಲ್ಲ. ಇದು ಹೊಗೆಯ ಕೆಲಸ, ನಿಕೋಟಿನ್‌ದಲ್ಲ. ಉಬ್ಬಸಕ್ಕೆ ಥಿಯೋಫಿಲಿನ್ ಮಾತ್ರೆ ನುಂಗುವವರು ಮಾತ್ರ ಬೀಡಿ ಬಿಡುವ ಮುಂಚೆಯೇ ಡಾಕ್ಟರಿಗೆ ಹೇಳಬೇಕು. ಅದನ್ನು ಕರಗಿಸುವುದೂ ಇದೇ ಕಿಣ್ವ, ಪ್ರಮಾಣ ಇಳಿಸಬೇಕಾದೀತು.

ಕೆಲಸದ ನಡುವೆ ತಡೆಯದಿದ್ದರೆ 2 ಮಿ.ಗ್ರಾಂ ನಿಕೋಟಿನ್ ಗಮ್ ಇದೆ. ನಮ್ಮವರು ಅದನ್ನು ಎಲೆಅಡಿಕೆಯಂತೆ ಅಗಿದು ರಸ ನುಂಗುತ್ತಾರೆ. ಬಿಕ್ಕಳಿಕೆ, ಎದೆಯುರಿ, ವಾಕರಿಕೆ, ಆಮೇಲೆ 'ಅದು ಆಗ್ಬರಲ್ಲ' ಎಂಬ ತೀರ್ಪು. ನಿಧಾನ ಅಗಿದು, ನಾಲಗೆ ಚುರುಗುಟ್ಟಿದೊಡನೆ ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿ ಬಿಡಬೇಕು, ಚುರುಚುರು ಹೋದ ಮೇಲೆ ಮತ್ತೆ ಎರಡು ಸಲ ಅಗಿಯಬೇಕು. ಹೀಗೆ ಅರ್ಧ ಗಂಟೆ. ಟೀ ಕುಡಿದು 15 ನಿಮಿಷ ಬಿಡುವು ಕೊಡದಿದ್ದರೆ ಬಾಯಿಯಲ್ಲಿ ಅದು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಮೈಗೆ ನಿಕೋಟಿನ್ ಪಟ್ಟಿ ಅಂಟಿಸಿಕೊಂಡವರಿಗೆ ಕೆಟ್ಟ ಕನಸು ಕಾಡಿದರೆ ಮಲಗುವ ಮುಂಚೆ ಕಿತ್ತಿಟ್ಟರಾಯಿತು. ಎದ್ದಾಗ ಚಟ ಸ್ವಲ್ಪ ಜಾಸ್ತಿ ಎಳೆಯುತ್ತದೆ, ಅಷ್ಟೆ. ಆರಕ್ಕಿಳಿಸಿದ್ದೇನೆ ಎನ್ನುವವರು ಇನ್ನೊಂದು ಗಮನಿಸಬೇಕು: ಎಣಿಕೆ ಇಳಿದಾಗ ದಮ್ಮು ಉದ್ದವಾಗುತ್ತದೆ. ಎಣಿಸಬೇಕಾದದ್ದು ಬರೀ ಬೀಡಿಯನ್ನಲ್ಲ.

ಇಷ್ಟನ್ನೂ ಮಾಲೀಕನಿಗೆ ಅಲ್ಲೇ, ಸುಟ್ಟ ಬೆಲ್ಲದ ವಾಸನೆಯ ನಡುವೆ ಹೇಳಿದ್ದಾಯಿತು. ಅವನು ಕೇಳಿದ್ದು ಒಂದೇ: "ಹಂಗಾರೆ ಎಷ್ಟ್ ದಿನ ಸಾ?"

ಇನ್ನು ಮೂರು ವಾರ.

"ಆಯ್ತು ಬುಡಿ, ಹಗ್ಲೊತ್ತು ರಚ್ಚು ಒಣಗ್ಸಕ್ಕೆ ಹಾಕ್ತೀನಿ."

ಆಗ ಆಳು ಮೊದಲ ಸಲ ಬಾಯಿಬಿಟ್ಟ. ಕೈ ಮತ್ತೆ ಕಿವಿಯ ಹತ್ತಿರವಿತ್ತು.

"ಕೂಲಿ ಎಷ್ಟ್ ಕಮ್ಮಿ ಆಯ್ತದೆ?"