ಮಕ್ಕಳ ಐಸ್ ಹಾಕಿಯಲ್ಲಿ ಬಾಡಿ ಚೆಕಿಂಗ್ ಬೇಕೇ? ಕ್ಯಾಲ್ಗರಿಯ ಫಿಸಿಯೋಥೆರಪಿಸ್ಟ್ ಒಬ್ಬಳ ಕೆಲಸದ ಅನುಭವ

ಹನ್ನೆರಡು ವರ್ಷದ ಹುಡುಗನೊಬ್ಬನ ಮುರಿದ ಕಾಲರ್ ಬೋನ್‌ಗೆ ನಾಲ್ಕು ಭೇಟಿಗಳ ತನಕ ಚಿಕಿತ್ಸೆ ಕೊಟ್ಟ ನಾನು, ಅವನ ತಲೆಗೆ ಪೆಟ್ಟಾಗಿತ್ತೇ ಎಂದು ಒಮ್ಮೆಯೂ ಕೇಳಿರಲಿಲ್ಲ. ಇದು 2011ರ ಚಳಿಗಾಲದ ಮಾತು. ಕೆನಡಾದ ಕ್ಯಾಲ್ಗರಿ ನಗರದಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಕೆಲಸಕ್ಕೆ ಸೇರಿ ಆಗ ನನಗೆ ಎರಡು ವರ್ಷವೂ ತುಂಬಿರಲಿಲ್ಲ. ಇಲ್ಲಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಕ್ಲಿನಿಕ್‌ಗೆ ಬರುವ ಗಂಡುಮಕ್ಕಳಲ್ಲಿ ಬಹುಪಾಲು ಐಸ್ ಹಾಕಿ ಆಡುವವರೇ ಆಗಿರುತ್ತಾರೆ. ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ ಭುಜ ಎಂದಿದ್ದರೆ ಭುಜವನ್ನು, ಮೊಣಕಾಲು ಎಂದಿದ್ದರೆ ಮೊಣಕಾಲನ್ನು ನೋಡಿ ಕಳುಹಿಸುವುದು ನನ್ನ ರೂಢಿಯಾಗಿತ್ತು.

ಆ ದಿನ ಅವನು ರಬ್ಬರ್ ಪಟ್ಟಿ ಹಿಡಿದು ತೋಳಿನ ವ್ಯಾಯಾಮ ಮಾಡುತ್ತಿದ್ದಾಗ, ಟ್ಯೂಬ್‌ಲೈಟಿನ ಬೆಳಕು ಕಣ್ಣಿಗೆ ಚುಚ್ಚುತ್ತಿದೆಯೆಂಬಂತೆ ಮತ್ತೆ ಮತ್ತೆ ಮುಖ ತಿರುಗಿಸುತ್ತಿದ್ದ. ಪಕ್ಕದಲ್ಲಿ ಕುಳಿತಿದ್ದ ಅವನ ತಾಯಿ, ಇತ್ತೀಚೆಗೆ ಗಣಿತದ ಪುಸ್ತಕ ತೆರೆದರೆ ಅಳುತ್ತಾನೆ, ಓದಿನಲ್ಲಿ ಆಸಕ್ತಿ ಕಳೆದುಕೊಂಡಿದ್ದಾನೆ ಎಂದು ಶಾಲೆಯವರು ಹೇಳುತ್ತಿದ್ದಾರೆ ಎಂದು ಮಾತಿನ ನಡುವೆ ತಿಳಿಸಿದರು. ನಾನು ಪಟ್ಟಿಯನ್ನು ಕೆಳಗಿಡಲು ಹೇಳಿ, ವರ್ಷದ ತಿಂಗಳುಗಳನ್ನು ಡಿಸೆಂಬರ್‌ನಿಂದ ಹಿಂದಕ್ಕೆ ಹೇಳುವಂತೆ ಕೇಳಿದೆ. ನವೆಂಬರ್, ಅಕ್ಟೋಬರ್, ಸೆಪ್ಟೆಂಬರ್ ಎಂದವನು ಅಲ್ಲಿ ನಿಂತು, ಸ್ವಲ್ಪ ಹೊತ್ತು ಯೋಚಿಸಿ, ಮತ್ತೆ ಅಕ್ಟೋಬರ್ ಎಂದ. ಒಂದು ಪಾದದ ಹಿಮ್ಮಡಿಗೆ ಇನ್ನೊಂದು ಪಾದದ ಬೆರಳು ತಾಗಿಸಿ, ಕಣ್ಣು ಮುಚ್ಚಿ ನಿಲ್ಲಿಸಿದಾಗ ಐದೇ ಸೆಕೆಂಡಿನಲ್ಲಿ ಓಲಾಡಿ ಮೇಜನ್ನು ಹಿಡಿದುಕೊಂಡ. ಕಾಲರ್ ಬೋನ್ ಮುರಿದ ಹೊಡೆತದಲ್ಲಿಯೇ ಅವನ ಮಿದುಳಿಗೂ ಆಘಾತವಾಗಿತ್ತು. ಕನ್ಕಷನ್ ಎಂದು ಕರೆಯುವ ಆ ಆಘಾತವನ್ನು ಹೊತ್ತುಕೊಂಡೇ ಅವನು ಏಳು ವಾರಗಳಿಂದ ಶಾಲೆಗೆ ಹೋಗುತ್ತಿದ್ದ.

ಪೆಟ್ಟು ಹೇಗಾಯಿತೆಂದು ಕೇಳಿದಾಗ ಅವನ ತಾಯಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ. ಮಂಜುಗಡ್ಡೆಯ ರಿಂಕಿನ ಅಂಚಿನ ಹಲಗೆಯ ಬಳಿ ಅವನು ತಲೆ ತಗ್ಗಿಸಿ ಪಕ್ (ಚೆಂಡಿನ ಬದಲು ಬಳಸುವ ಚಪ್ಪಟೆ ರಬ್ಬರ್ ಬಿಲ್ಲೆ) ನೋಡುತ್ತಿದ್ದ, ಅವನಿಗಿಂತ ಒಂದು ತಲೆಯಷ್ಟು ಎತ್ತರದ ಎದುರಾಳಿ ಹುಡುಗ ಬಂದು ಭುಜದಿಂದ ಗುದ್ದಿದ, ರೆಫರಿ ಸೀಟಿ ಊದಲಿಲ್ಲ, ಏಕೆಂದರೆ ಅದು ಕ್ಲೀನ್ ಹಿಟ್, ಅಂದರೆ ನಿಯಮಕ್ಕೆ ಒಳಪಟ್ಟ ಹೊಡೆತ ಆಗಿತ್ತು. ಯಾರೂ ತಪ್ಪು ಮಾಡಿರಲಿಲ್ಲ. ಗುದ್ದಿದ ಹುಡುಗ ತನ್ನ ಕೋಚ್ ಕಲಿಸಿದ್ದನ್ನೇ ಮಾಡಿದ್ದ, ರೆಫರಿ ಪುಸ್ತಕದಲ್ಲಿರುವಂತೆಯೇ ನಡೆದುಕೊಂಡಿದ್ದರು. ಆದರೂ ಒಂದು ಮಗುವಿನ ಮೂಳೆ ಮುರಿದು, ಮಿದುಳಿಗೆ ಆಘಾತವಾಗಿತ್ತು.

ಐಸ್ ಹಾಕಿಯನ್ನು ಹತ್ತಿರದಿಂದ ನೋಡದವರಿಗಾಗಿ ಒಂದು ವಿವರಣೆ ಅಗತ್ಯ. ಪಕ್ ಹೊಂದಿರುವ ಆಟಗಾರನನ್ನು ಉದ್ದೇಶಪೂರ್ವಕವಾಗಿ ಮೈಯಿಂದ ಡಿಕ್ಕಿ ಹೊಡೆದು ಪಕ್‌ನಿಂದ ಬೇರ್ಪಡಿಸುವುದೇ ಬಾಡಿ ಚೆಕಿಂಗ್. ಇಬ್ಬರು ಒಂದೇ ಪಕ್‌ಗಾಗಿ ಸ್ಕೇಟ್ ಮಾಡುವಾಗ ಮೈಗೆ ಮೈ ತಾಗುವುದು ಬೇರೆ ವಿಷಯ, ಅದನ್ನು ಬಾಡಿ ಕಾಂಟ್ಯಾಕ್ಟ್ ಎನ್ನುತ್ತಾರೆ. ಅದಿಲ್ಲದೆ ಈ ಆಟ ಇಲ್ಲ, ಅದನ್ನು ಯಾರೂ ನಿಷೇಧಿಸಲು ಕೇಳುತ್ತಿಲ್ಲ. ಹಾಕಿ ಕೆನಡಾ ಸಂಸ್ಥೆಯ ತರಬೇತಿಯಲ್ಲಿಯೇ ನಾಲ್ಕು ಮೆಟ್ಟಿಲುಗಳಿವೆ: ಎದುರಾಳಿಯ ದಾರಿಗೆ ಕೋನ ಹಿಡಿದು ನಿಲ್ಲುವುದು, ಸ್ಟಿಕ್‌ನಿಂದ ಪಕ್ ಕಸಿಯುವುದು, ಬಾಡಿ ಕಾಂಟ್ಯಾಕ್ಟ್, ಕೊನೆಗೆ ಬಾಡಿ ಚೆಕಿಂಗ್. ಚರ್ಚೆ ಇರುವುದು ಈ ಕೊನೆಯ ಮೆಟ್ಟಿಲನ್ನು ಯಾವ ವಯಸ್ಸಿನವರು, ಯಾವ ಹಂತದ ತಂಡದವರು ಏರಬೇಕು ಎಂಬುದರ ಬಗ್ಗೆ.

ನಾನು ಹುಟ್ಟಿ ಬೆಳೆದದ್ದು ವಿರಾಜಪೇಟೆಯ ಕಡೆ. ಅಲ್ಲಿ ಹಾಕಿ ಎಂದರೆ ಮೈದಾನದ ಹಾಕಿ, 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬ. ಎದುರಾಳಿಯನ್ನು ಮೈಯಿಂದ ತಳ್ಳಿದರೆ ಅಲ್ಲಿ ಫೌಲ್. ಆ ಕಣ್ಣಿನಿಂದ ನೋಡುತ್ತಿದ್ದೇನೆ, ಹೊರಗಿನವಳಾದ್ದರಿಂದ ಈ ಆಟದ ಮರ್ಮ ನನಗೆ ತಿಳಿಯುತ್ತಿಲ್ಲ ಎಂದು ಆರಂಭದ ವರ್ಷಗಳಲ್ಲಿ ನಾನೇ ನನ್ನ ಬಾಯಿ ಕಟ್ಟಿಕೊಂಡಿದ್ದೆ.

ಆ ಹುಡುಗನ ವಿಷಯ ಹೇಳಿಕೊಂಡಾಗ, ನಮ್ಮಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ಹಿಂದಿನ ವರ್ಷದ ಒಂದು ಸಂಶೋಧನಾ ಲೇಖನವನ್ನು ನನ್ನ ಕೈಗಿತ್ತರು. ಕ್ಯಾಲ್ಗರಿ ವಿಶ್ವವಿದ್ಯಾಲಯದ ಕ್ಯಾರೊಲಿನ್ ಎಮರಿ ಮತ್ತು ಅವರ ಸಂಗಡಿಗರು 2010ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವದು. ಆಗ ಆಲ್ಬರ್ಟಾ ಪ್ರಾಂತ್ಯದಲ್ಲಿ ಪೀವೀ ಎಂದು ಕರೆಯುತ್ತಿದ್ದ 11–12 ವರ್ಷದ ವಿಭಾಗದಲ್ಲಿಯೇ ಬಾಡಿ ಚೆಕಿಂಗ್‌ಗೆ ಅವಕಾಶವಿತ್ತು. ಅದೇ ದೇಶದ ಕ್ವಿಬೆಕ್ ಪ್ರಾಂತ್ಯದಲ್ಲಿ 13 ವರ್ಷದವರೆಗೆ ಅವಕಾಶವಿರಲಿಲ್ಲ. ಆಟ ಒಂದೇ, ವಯಸ್ಸು ಒಂದೇ, ನಿಯಮ ಮಾತ್ರ ಬೇರೆ. 2007–08ರ ಒಂದು ಋತುವಿನಲ್ಲಿ ಎರಡೂ ಕಡೆಯ 2154 ಮಕ್ಕಳನ್ನು ಗಮನಿಸಿದಾಗ ಆಲ್ಬರ್ಟಾದಲ್ಲಿ 241 ಗಾಯಗಳು, ಕ್ವಿಬೆಕ್‌ನಲ್ಲಿ 91 ಗಾಯಗಳು ದಾಖಲಾಗಿದ್ದವು. ಅವುಗಳಲ್ಲಿ ಕನ್ಕಷನ್‌ಗಳು ಇಲ್ಲಿ 78, ಅಲ್ಲಿ 23. ಗಾಯದ ಅಪಾಯ ನಮ್ಮ ಪ್ರಾಂತ್ಯದ ಮಕ್ಕಳಿಗೆ ಮೂರು ಪಟ್ಟಿಗಿಂತ ಹೆಚ್ಚಾಗಿತ್ತು. ಆ ಅಂಕಿಗಳನ್ನು ಓದಿದ ಮೇಲೆ ಹೊರಗಿನವಳೆಂಬ ನನ್ನ ಸಂಕೋಚ ಹೋಯಿತು. ಕ್ವಿಬೆಕ್‌ನವರಿಗೆ ಹಾಕಿ ಗೊತ್ತಿಲ್ಲ ಎಂದು ಈ ದೇಶದಲ್ಲಿ ಯಾರೂ ಹೇಳಲಾರರು.

ಅದೇ ವರ್ಷ, 2011ರಲ್ಲಿ, ಅಮೆರಿಕದ ಯುಎಸ್‌ಎ ಹಾಕಿ ಸಂಸ್ಥೆಯು 11–12ರ ವಿಭಾಗದಲ್ಲಿ ಬಾಡಿ ಚೆಕಿಂಗ್ ನಿಲ್ಲಿಸಿ, 13–14ರ ವಿಭಾಗಕ್ಕೆ ಮುಂದೂಡಿತು. ಕೆನಡಾ ಎರಡು ವರ್ಷ ತಡವಾಗಿ, 2013ರ ಮೇ ತಿಂಗಳಲ್ಲಿ ಅದೇ ನಿರ್ಣಯ ಮಾಡಿತು. ಅದಕ್ಕೆ ಕೆಲವೇ ವಾರಗಳ ಮುಂಚೆ ಆಲ್ಬರ್ಟಾ ಪ್ರಾಂತ್ಯವೂ ಮನಸ್ಸು ಬದಲಿಸಿತ್ತು. ಈ ನಿರ್ಣಯದ ನಂತರ ನಡೆದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆ ವಯಸ್ಸಿನ ಮಕ್ಕಳ ಗಾಯಗಳು ಅರ್ಧಕ್ಕೆ ಇಳಿದಿದ್ದವು, ಕನ್ಕಷನ್‌ಗಳು ನೂರಕ್ಕೆ 64ರಷ್ಟು ಕಡಿಮೆಯಾಗಿದ್ದವು. ನಾನು ಕುತ್ತಿಗೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಕಲಿಸಿದ್ದೇನೆ, ಸಮತೋಲನದ ಹಲಗೆಯ ಮೇಲೆ ಮಕ್ಕಳನ್ನು ಗಂಟೆಗಟ್ಟಲೆ ನಿಲ್ಲಿಸಿದ್ದೇನೆ, ಆ ಕೆಲಸದ ಮೇಲೆ ನನಗೆ ನಂಬಿಕೆಯೂ ಇದೆ. ಆದರೆ ಇಷ್ಟು ಮಕ್ಕಳನ್ನು ಇಷ್ಟು ಬೇಗ ಕಾಪಾಡಿದ ಯಾವ ವ್ಯಾಯಾಮವನ್ನೂ ನಾನು ಕಂಡಿಲ್ಲ.

ಹೆಲ್ಮೆಟ್ ಇದೆಯಲ್ಲ ಎಂದು ಪೋಷಕರು ಕೇಳುತ್ತಾರೆ. ಹೆಲ್ಮೆಟ್ ತಲೆಬುರುಡೆ ಬಿರಿಯದಂತೆ ಕಾಪಾಡುತ್ತದೆ. ಓಡುತ್ತಿದ್ದ ತಲೆ ಥಟ್ಟನೆ ನಿಂತಾಗ ಅಥವಾ ತಿರುಚಿದಾಗ ಬುರುಡೆಯ ಒಳಗೆ ಮಿದುಳು ಅಲುಗಾಡುವುದನ್ನು ಅದು ತಡೆಯಲಾರದು. ತಲೆಗೆ ತಗುಲುವ ಹೊಡೆತಕ್ಕೆ ಕಠಿಣ ಶಿಕ್ಷೆ ಕೊಟ್ಟರೆ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. 2011ರಲ್ಲಿ ಹಾಕಿ ಕೆನಡಾ ಅಂಥ ನಿಯಮವನ್ನೂ ತಂದಿತು. ಆಮೇಲೆ ನಡೆದ ಅಧ್ಯಯನದಲ್ಲಿ ದಾಖಲಾದ ಕನ್ಕಷನ್‌ಗಳು ಇಳಿದಿರಲಿಲ್ಲ. ಜನರಲ್ಲಿ ಎಚ್ಚರ ಹೆಚ್ಚಿ, ಮೊದಲು ಮುಚ್ಚಿಹೋಗುತ್ತಿದ್ದವು ದಾಖಲೆಗೆ ಬಂದದ್ದೂ ಅದಕ್ಕೆ ಕಾರಣವಿರಬಹುದು. ಆದರೂ ವೇಗವಾಗಿ ಬರುವ ಹನ್ನೆರಡರ ಹುಡುಗನಿಗೆ, ಗುದ್ದು, ಆದರೆ ತಲೆಗೆ ತಾಗಿಸಬೇಡ ಎಂದು ಹೇಳುವುದು, ಮಂಜುಗಡ್ಡೆಯ ಮೇಲೆ ಅವನಿಂದ ಆಗದ ಲೆಕ್ಕವನ್ನು ಅವನಿಂದ ಕೇಳಿದಂತೆ.

ಕಳೆದ ಕೆಲವು ವರ್ಷಗಳಿಂದ ನಾನು ಮಕ್ಕಳ ತಂಡವೊಂದಕ್ಕೆ ಸೇಫ್ಟಿ ಪರ್ಸನ್ ಆಗಿ, ಅಂದರೆ ಆಟಗಾರರ ಗಾಯ ಮತ್ತು ಸುರಕ್ಷತೆ ನೋಡಿಕೊಳ್ಳುವವಳಾಗಿ, ಬೆಂಚಿನ ಹಿಂದೆ ನಿಲ್ಲುತ್ತೇನೆ. ಪಂದ್ಯ ಮುಗಿದು ಎರಡೂ ತಂಡಗಳು ಸಾಲಾಗಿ ಕೈ ಕುಲುಕುವ ಹೊತ್ತು ನನಗೆ ಬಹಳ ಮುಖ್ಯವಾದದ್ದು, ಏಕೆಂದರೆ ಆಗ ಪ್ರತಿ ಮಗುವಿನ ಮುಖ ಕಾಣುತ್ತದೆ, ನಡಿಗೆ ಕಾಣುತ್ತದೆ. 13–14ರ ವಿಭಾಗದಲ್ಲಿ ಆ ಸಾಲನ್ನು ಒಮ್ಮೆ ನೋಡಬೇಕು. ಧ್ವನಿ ಒಡೆದು, ಮೀಸೆ ಚಿಗುರಿದ ಹುಡುಗನ ಎದೆಯ ಮಟ್ಟಕ್ಕೆ ಇನ್ನೊಬ್ಬನ ಹೆಲ್ಮೆಟ್ ಬರುತ್ತದೆ. ಇಬ್ಬರೂ ಒಂದೇ ವಿಭಾಗ, ಒಂದೇ ನಿಯಮ. ಪ್ರಾಯಕ್ಕೆ ಬರುವ ಕಾಲ ಒಬ್ಬೊಬ್ಬ ಹುಡುಗನಿಗೆ ಒಂದೊಂದು ಆಗಿರುವಾಗ, ಹುಟ್ಟಿದ ವರ್ಷ ನೋಡಿ ವಿಭಾಗ ಮಾಡುವ ಆಟದಲ್ಲಿ ಈ ಅಂತರವನ್ನು ತಪ್ಪಿಸಲು ಬರುವುದಿಲ್ಲ. ಆದ್ದರಿಂದಲೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 2014ರಲ್ಲಿ, 15 ವರ್ಷಕ್ಕಿಂತ ಮೊದಲು ಯಾರಿಗೂ ಬಾಡಿ ಚೆಕಿಂಗ್ ಬೇಡ, ನಂತರವೂ ಅತ್ಯುನ್ನತ ಹಂತದ ತಂಡಗಳಿಗೆ ಮಾತ್ರ ಇರಲಿ ಎಂದು ಸಲಹೆ ಕೊಟ್ಟಿತು. ನನ್ನ ಅಭಿಪ್ರಾಯವೂ ಅದೇ.

ಎದುರು ಪಕ್ಷದ ವಾದವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಮುಂದೆ ಹೇಗೂ ಹೊಡೆತ ತಿನ್ನಬೇಕಾದ ಮಕ್ಕಳು, ಮೈ ಸಣ್ಣದಿರುವಾಗ, ವೇಗ ಕಡಿಮೆಯಿರುವಾಗ ಅದನ್ನು ಕಲಿಯುವುದು ಒಳ್ಳೆಯದು ಎಂದು ಅನುಭವಿ ಕೋಚ್‌ಗಳು ಹೇಳುತ್ತಾರೆ. ಈ ಮಾತಿಗೆ ಆಧಾರವೇ ಇರಲಿಲ್ಲ ಎನ್ನಲಾಗದು. ಎಮರಿ ಅವರ ತಂಡವೇ 2011ರಲ್ಲಿ 13–14ರ ಮಕ್ಕಳನ್ನು ಹೋಲಿಸಿದಾಗ, ಮೊದಲೇ ಚೆಕಿಂಗ್ ಕಲಿತು ಬಂದವರಿಗೆ ಒಟ್ಟು ಗಾಯಗಳೇನೂ ಕಡಿಮೆ ಇರದಿದ್ದರೂ, ವಾರಕ್ಕಿಂತ ಹೆಚ್ಚು ಕಾಲ ಆಟ ತಪ್ಪಿಸುವ ಗಾಯಗಳು ಮೂರನೆಯ ಒಂದು ಭಾಗದಷ್ಟು ಕಡಿಮೆ ಇದ್ದವು. ಇದನ್ನು ಓದಿದ ನಂತರ ಕೆಲವು ಕಾಲ ನಾನು ಪೋಷಕರಿಗೆ ಖಚಿತವಾಗಿ ಏನೂ ಹೇಳಲಿಲ್ಲ. ಆದರೆ 2022ರಲ್ಲಿ 15ರಿಂದ 17ರ ವಯಸ್ಸಿನ ಆಟಗಾರರ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ಮೂರು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಾಡಿ ಚೆಕಿಂಗ್ ಆಡಿದವರಲ್ಲಿ ಗಾಯವೂ ಕನ್ಕಷನ್ನೂ ಕಡಿಮೆ ಅನುಭವವಿದ್ದವರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚಿದ್ದವು. ಹೊಡೆತ ತಿಂದವರು ಗಟ್ಟಿಯಾಗುತ್ತಾರೆ ಎಂಬ ನಂಬಿಕೆಗೆ ಇದರ ನಂತರ ನನ್ನಲ್ಲಿ ಜಾಗ ಉಳಿಯಲಿಲ್ಲ. ಮೊದಲ ಕನ್ಕಷನ್ ಆದ ಮಗುವಿಗೆ ಎರಡನೆಯದು ಆಗುವ ಸಂಭವ ಹೆಚ್ಚು ಎಂಬುದನ್ನು ನಾನು ಚಿಕಿತ್ಸೆಯ ಮೇಜಿನ ಬಳಿಯೂ ಕಂಡಿದ್ದೇನೆ.

ನನ್ನ ಕೆಲಸದ ರೀತಿ ಆ ಹುಡುಗನ ನಂತರ ಬದಲಾಯಿತು. ಭುಜವಿರಲಿ, ಸೊಂಟವಿರಲಿ, ಮಣಿಕಟ್ಟಿರಲಿ, ರಿಂಕಿನಿಂದ ಬಂದ ಪ್ರತಿ ಮಗುವಿಗೂ ಮೊದಲು ತಲೆನೋವು, ನಿದ್ರೆ, ಬೆಳಕು, ಓದು ಈ ನಾಲ್ಕನ್ನು ಕೇಳುತ್ತೇನೆ. ಅವನಿಗೆ ನಾವು ಆಗ ಕತ್ತಲೆ ಕೋಣೆಯಲ್ಲಿ ವಿಶ್ರಾಂತಿ ಎಂದು ಹೇಳಿದ್ದೆವು. ಈಗ ಹಾಗೆ ಹೇಳುವುದಿಲ್ಲ. ಒಂದೆರಡು ದಿನ ಹಗುರಾಗಿ ಇದ್ದು, ನಂತರ ನಡಿಗೆ, ನಿಧಾನದ ಸೈಕಲ್ ಎಂದು ಮೆಲ್ಲಗೆ ಏರಿಸುತ್ತೇವೆ. ಮೊದಲು ಪೂರ್ತಿಯಾಗಿ ಶಾಲೆ, ಆಮೇಲೆ ಆಟ. ಡಿಕ್ಕಿಯಿರುವ ಅಭ್ಯಾಸಕ್ಕೆ ಇಳಿಯುವ ಮುನ್ನ ವೈದ್ಯರ ಲಿಖಿತ ಒಪ್ಪಿಗೆ ಬೇಕು. ಇದರ ಜೊತೆಗೆ ನಾನು ಕೇಳುವ ಇನ್ನೊಂದು ಪ್ರಶ್ನೆ ಯಾವ ನಮೂನೆಯಲ್ಲೂ ಇಲ್ಲ: ನೀನು ಹಿಂತಿರುಗುತ್ತಿರುವುದು ಚೆಕಿಂಗ್ ಇರುವ ತಂಡಕ್ಕೋ, ಇಲ್ಲದ ತಂಡಕ್ಕೋ? ಯಾವಾಗ ವಾಪಸ್ ಹೋಗಬಹುದು ಎಂದು ಲೆಕ್ಕ ಹಾಕುವುದರಲ್ಲಿಯೇ ವರ್ಷಗಳನ್ನು ಕಳೆದ ನಾನು, ಎಲ್ಲಿಗೆ ವಾಪಸ್ ಹೋಗುತ್ತಾರೆ ಎಂಬುದನ್ನು ಗಮನಿಸಿಯೇ ಇರಲಿಲ್ಲ.

ಕಳೆದ ಆಗಸ್ಟ್‌ನಲ್ಲಿ ದಾವಣಗೆರೆ ಕಡೆಯ ಒಬ್ಬರು ಮಗನನ್ನು ಕರೆದುಕೊಂಡು ಕ್ಲಿನಿಕ್‌ಗೆ ಬಂದಿದ್ದರು. ಹುಡುಗನಿಗೆ ಹದಿಮೂರು, ಕನ್ಕಷನ್ ಒಮ್ಮೆ ಆಗಿ ವಾಸಿಯಾಗಿದೆ. ಚೆಕಿಂಗ್ ಇರುವ, ಇಲ್ಲದ ಎರಡು ವಿಭಾಗಗಳಲ್ಲಿ ಯಾವುದಕ್ಕೆ ಹೆಸರು ಕೊಡಬೇಕೆಂಬುದು ಅವರ ಚಿಂತೆ. "ಅಕ್ಕಾ, ಈಗಲೇ ಹೊಡೆತ ತಡ್ಕೊಳ್ಳೋದು ಕಲೀದಿದ್ರೆ ಮುಂದೆ ಇವನು ಆಟದಲ್ಲಿ ಉಳೀತಾನಾ?" ಎಂದು ಕೇಳಿದರು. 2022ರ ಅಧ್ಯಯನದ ವಿಷಯ ಹೇಳಿದೆ. 13–14ರ ಸಾಮಾನ್ಯ ಹಂತದ ತಂಡಗಳಲ್ಲಿ ಚೆಕಿಂಗ್ ತೆಗೆದ ಕಡೆ ಗಾಯಗಳು ಅರ್ಧಕ್ಕಿಂತಲೂ ಕಡಿಮೆಯಾದುದನ್ನು ಹೇಳಿದೆ. ಕನ್ಕಷನ್‌ಗಳೂ ಇಳಿದಂತೆ ಕಂಡರೂ ಆ ಅಂಕಿ ಅಷ್ಟು ಗಟ್ಟಿಯಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಎರಡು ದಿನ ಬಿಟ್ಟು ಅವರು ಫೋನ್ ಮಾಡಿ, ಚೆಕಿಂಗ್ ಇಲ್ಲದ ವಿಭಾಗಕ್ಕೇ ಹೆಸರು ಬರೆಸಿದ್ದಾಗಿ ತಿಳಿಸಿದರು. ಹುಡುಗ ಮಾತ್ರ ಅಂದಿನಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದನಂತೆ. ಅವನ ಇಬ್ಬರು ಗೆಳೆಯರು ಇನ್ನೊಂದು ವಿಭಾಗಕ್ಕೆ ಹೋಗಿದ್ದರು.

ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಆಯ್ಕೆಯನ್ನು ಒಂದೊಂದು ಮನೆಗೆ ಬಿಟ್ಟರೆ, ಮಗುವಿನ ಕಣ್ಣಿಗೆ ಅಪ್ಪ ಅಂಜುಬುರುಕನಾಗಿ ಕಾಣುತ್ತಾನೆ. 2013ರಲ್ಲಿ 11–12ರ ಮಕ್ಕಳಿಗೆಲ್ಲ ಒಟ್ಟಿಗೆ ನಿಯಮ ಬದಲಾದಾಗ ಯಾವ ಹುಡುಗನೂ ತನ್ನ ಗೆಳೆಯರಿಂದ ಬೇರೆಯಾಗಬೇಕಾಗಿ ಬರಲಿಲ್ಲ. 13–14ರ ವಿಭಾಗಕ್ಕೂ ಹಾಗೆಯೇ ಒಂದೇ ನಿಯಮ ಮಾಡಬೇಕೆಂದು ಕೋರಿ ನಮ್ಮ ಬಡಾವಣೆಯ ಹಾಕಿ ಸಂಘಕ್ಕೆ ಪತ್ರ ಬರೆದಿದ್ದೇನೆ. ಋತು ಮುಗಿದ ಮೇಲೆ ನಡೆಯುವ ಸಭೆಯಲ್ಲಿ ಅದನ್ನು ಓದಲು ಐದು ನಿಮಿಷ ಕೊಟ್ಟಿದ್ದಾರೆ.