ದುಡಿಯುತ್ತ ಓದುವವರಿಗೆ ಬೇಕಾದ ಗಡುವು

ನೌಕರಿ, ಸಂಸಾರಗಳ ನಡುವೆ ಓದುವವರಿಗೆ ಆನ್‌ಲೈನ್ ಶಿಕ್ಷಣ ಯಾವಾಗ ಕೈಹಿಡಿಯುತ್ತದೆ, ಯಾವಾಗ ಕೈಕೊಡುತ್ತದೆ ಎಂಬ ಚರ್ಚೆ ಬಂದಾಗಲೆಲ್ಲ ಮಾತು ವಿಡಿಯೊಗಳ ಗುಣಮಟ್ಟ ಮತ್ತು ಇಂಟರ್ನೆಟ್ ವೇಗದ ಸುತ್ತಲೇ ನಡೆಯುತ್ತದೆ. ಅವೆರಡೂ ಬೇಕು, ನಿಜ. ಆದರೆ ಕೋರ್ಸಿನ ಗಡುವುಗಳನ್ನು ಯಾರ ಬದುಕನ್ನು ಕಣ್ಣಮುಂದೆ ಇಟ್ಟುಕೊಂಡು ಗೊತ್ತುಮಾಡಿದ್ದಾರೆ ಎಂಬುದು ಅದಕ್ಕಿಂತ ಮುಖ್ಯವೆಂದು ನಾನು ನಂಬಿದ್ದೇನೆ.

ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಕಟ್ಟಿದ ಆನ್‌ಲೈನ್ ಶಿಕ್ಷಣ ಯೋಜನೆಯಾದ ಎನ್‌ಪಿಟಿಇಎಲ್‌ನ ಕೋರ್ಸುಗಳು ಇದಕ್ಕೊಂದು ಒಳ್ಳೆಯ ಮಾದರಿ. ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ಆನ್‌ಲೈನ್ ಕಲಿಕಾ ವೇದಿಕೆಯಲ್ಲಿ ಸಿಗುವ ಈ ಕೋರ್ಸುಗಳಿಗೆ ಹಣ ಕೊಡದೆ ಸೇರಬಹುದು. ಪ್ರಮಾಣಪತ್ರ ಬೇಕೆಂದವರು ಮಾತ್ರ ಶುಲ್ಕ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯುತ್ತಾರೆ. ಸಾಮಾನ್ಯವಾಗಿ 100 ಅಂಕಗಳಲ್ಲಿ 75 ಪರೀಕ್ಷೆಗೆ, 25 ಪ್ರತಿವಾರದ ಅಸೈನ್‌ಮೆಂಟುಗಳಿಗೆ ಮೀಸಲು. ಆದರೆ 12 ವಾರಗಳ ಕೋರ್ಸಿನಲ್ಲಿ, ಹೆಚ್ಚು ಅಂಕ ಬಂದ 8 ಅಸೈನ್‌ಮೆಂಟುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮಗುವಿಗೆ ಜ್ವರ ಬಂದ ವಾರ, ಶಿಕ್ಷಕಿಯೊಬ್ಬರಿಗೆ ಚುನಾವಣಾ ಕರ್ತವ್ಯ ಬಿದ್ದ ವಾರ, ಬ್ಯಾಂಕಿನವರಿಗೆ ಮಾರ್ಚ್ ಕೊನೆಯ ಲೆಕ್ಕ ಮುಗಿಸಬೇಕಾದ ವಾರ, ಇವೆಲ್ಲ ಕೈತಪ್ಪಿದರೂ ಓದು ಕೈತಪ್ಪುವುದಿಲ್ಲ. ಯಾರನ್ನೂ ಬೇಡಿಕೊಳ್ಳಬೇಕಿಲ್ಲ, ವೈದ್ಯರ ಚೀಟಿ ತರಬೇಕಿಲ್ಲ; ವಯಸ್ಕರ ಘನತೆಯನ್ನು ಕಾಯುವ ಇಂಥ ನಿಯಮ ನನಗೆ ಬಹಳ ಮೆಚ್ಚುಗೆಯಾದದ್ದು. ಗಡುವೇ ಇಲ್ಲದೆ ನಿಮಗೆ ಬೇಕಾದಾಗ ಮುಗಿಸಿ ಎನ್ನುವ ಕೋರ್ಸುಗಳು ಉದಾರವಾಗಿ ಕಂಡರೂ, ದಿನವೆಲ್ಲ ದಣಿದವರು ಓದನ್ನು ನಾಳೆಗೆ, ನಾಡಿದ್ದಿಗೆ ತಳ್ಳುತ್ತಲೇ ಹೋಗುವುದಕ್ಕೆ ಅವು ದಾರಿಮಾಡಿಕೊಡುತ್ತವೆ.

ಆದರೂ ಗಡುವೊಂದೇ ಸಾಲದು. ದೂರಶಿಕ್ಷಣದಲ್ಲಿ ನಿಜವಾದ ದೂರವೆಂದರೆ ಮೈಲಿಗಳಲ್ಲ, ಕಲಿಸುವವರಿಗೂ ಕಲಿಯುವವರಿಗೂ ನಡುವೆ ತಿಳಿವಳಿಕೆಯಲ್ಲಿ ಉಳಿಯುವ ಅಂತರ, ಅದನ್ನು ಸಂವಾದ ತಗ್ಗಿಸುತ್ತದೆ ಎಂದು ಶಿಕ್ಷಣತಜ್ಞ ಮೈಕೆಲ್ ಮೂರ್ ವಾದಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಅಂಚೆ ಶಿಕ್ಷಣ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆದ ಪರಂಪರೆಯಲ್ಲಿ ಈ ಕೆಲಸವನ್ನು ಸಂಪರ್ಕ ತರಗತಿಗಳು ಮಾಡುತ್ತ ಬಂದಿವೆ. ದೂರದ ಊರುಗಳಿಂದ ಬಸ್ಸು ಹತ್ತಿ ಬಂದವರು ಅಲ್ಲಿ ಪಾಠ ಕೇಳುವುದರ ಜೊತೆಗೆ, ತಮ್ಮಂತೆಯೇ ನಲವತ್ತರ ವಯಸ್ಸಿನಲ್ಲಿ ಪುಸ್ತಕ ಹಿಡಿದ ಇನ್ನೊಬ್ಬರನ್ನು ಕಂಡು, ಪರಸ್ಪರ ಫೋನ್ ನಂಬರ್ ಪಡೆದುಕೊಂಡು ಹೋಗುತ್ತಾರೆ. ಆನ್‌ಲೈನ್ ಕೋರ್ಸು ರೂಪಿಸುವವರು ಮೊದಲು ಉಳಿಸಿಕೊಳ್ಳಬೇಕಾದದ್ದು ಇದನ್ನೇ. ಅಸೈನ್‌ಮೆಂಟಿನ ಮೇಲೆ ಬರೀ ಅಂಕ ನಮೂದಿಸಿ ಹಿಂದಿರುಗಿಸಿದರೆ ವಿದ್ಯಾರ್ಥಿಗೆ ತಾನು ಎಲ್ಲಿ ಎಡವಿದೆನೆಂದು ತಿಳಿಯುವುದಿಲ್ಲ. ಎರಡನೆಯ ಉತ್ತರದಲ್ಲಿ ಕಾರಣ ಹೇಳಿದ್ದೀರಿ, ಉದಾಹರಣೆ ಕೊಟ್ಟಿಲ್ಲ ಎಂದು ಯಾರಾದರೂ ಒಂದು ಸಾಲು ಬರೆದರೆ ಮುಂದಿನ ವಾರದ ಉತ್ತರ ಬೇರೆಯಾಗಿರುತ್ತದೆ.

ಆದ್ದರಿಂದ ಯಾವ ಕೋರ್ಸು ಸೇರಲಿ ಎಂದು ಕೇಳುವವರಿಗೆ ನಾನು ಮೂರು ವಿಷಯ ವಿಚಾರಿಸಲು ಹೇಳುತ್ತೇನೆ: ಎಷ್ಟು ವಾರ ತಪ್ಪಿದರೂ ನಡೆಯುತ್ತದೆ, ಪ್ರಶ್ನೆ ಕೇಳಿದರೆ ಉತ್ತರಿಸುವವರು ಯಾರು, ಮತ್ತು ಒಂದು ತಿಂಗಳು ನಿಮ್ಮ ಸುದ್ದಿಯೇ ಇಲ್ಲದಿದ್ದರೆ ಅಲ್ಲಿಂದ ಯಾರಾದರೂ ಫೋನ್ ಮಾಡುತ್ತಾರೆಯೇ?